ಬಿಚ್ಚುವ ಕೈ

ಹೊಸ ಕೆಲಸಕ್ಕೆ ಸೇರಿ ಆರು ವಾರ ಆಯಿತು, ಯಾರೂ ಒಂದು ಮಾತು ಬೈದಿಲ್ಲ. ಸೆಂಟ್ರಿಂಗಣ್ಣನ ನೆಮ್ಮದಿ ಕೆಡಿಸಿದ್ದು ಇದೇ. ಬೇರೆಯವರಾಗಿದ್ದರೆ ಹಾಯಾಗಿ ಕಾಲು ಚಾಚಿ ಮಲಗುತ್ತಿದ್ದರು. ಇವನು ಮಾತ್ರ ಬೆಳಿಗ್ಗೆ ಎದ್ದು ಚೀಲಕ್ಕೆ ಉಳಿ, ಅರ, ಸಣ್ಣ ಗರಗಸ ತುಂಬಿ, ತುಂಬಿದ ಚೀಲವನ್ನು ನೆಲಕ್ಕೆ ಸುರಿದು, ಎಲ್ಲ ಇದೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ ತುಂಬುತ್ತಿದ್ದ. "ಮೊದಲ ದಿನ ಸ್ಕೂಲಿಗೆ ಹೊರಟ ಹಾಗಿದೆ ನಿಮ್ಮ ಅವತಾರ," ಎಂದು ಹೆಂಡತಿ ನಗುತ್ತಿದ್ದಳು. ಐವತ್ತೆರಡು ವರ್ಷದ ಗಂಡಸಿಗೆ ಅದು ನಗುವ ಮಾತಾಗಿರಲಿಲ್ಲ.

ಅವನ ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಇಪ್ಪತ್ತಾರು ವರ್ಷ ಅವನು ಮಾಡಿದ್ದು ಸೆಂಟ್ರಿಂಗ್ ಕೆಲಸ. ತಾರಸಿಗೆ ಕಾಂಕ್ರೀಟು ಸುರಿಯುವ ಮೊದಲು ಅದನ್ನು ಹೊತ್ತು ನಿಲ್ಲಲು ಕೆಳಗೆ ಕಂಬ ನಿಲ್ಲಿಸಿ ಹಲಗೆ ಹಾಸುತ್ತಾರಲ್ಲ, ಅದು. ಕಾಂಕ್ರೀಟು ಗಟ್ಟಿಯಾದ ಮೇಲೆ ಹಲಗೆಯನ್ನೆಲ್ಲ ಬಿಚ್ಚಿ ಮುಂದಿನ ಮಹಡಿಗೆ ಹೊತ್ತೊಯ್ಯಬೇಕು. ಆ ಕೆಲಸದಲ್ಲಿ ಗಟ್ಟಿಯಾಗಿ ಕಟ್ಟಿದರಷ್ಟೇ ಸಾಲದು, ಸಲೀಸಾಗಿ ಬಿಚ್ಚಲು ಬರುವಂತೆ ಕಟ್ಟಿದವನೇ ಜಾಣ. ಹಲಗೆಯನ್ನು ಚೂರು ಸಡಿಲ ಬಿಟ್ಟು ಕತ್ತರಿಸಬೇಕು, ಮೊಳೆಯ ತಲೆ ಹೊರಗೆ ಇಣುಕುವಂತೆ ಹೊಡೆಯಬೇಕು, ಪ್ರತಿ ಹಲಗೆಯ ಬೆನ್ನಿಗೆ ನಂಬರು ಬರೆದು ಯಾವ ಕಡೆ ಮೇಲೆ ಎಂದು ಬಾಣದ ಗುರುತು ಹಾಕಬೇಕು. ಇವನಷ್ಟು ಚೊಕ್ಕವಾಗಿ ಬಿಚ್ಚುವವನು ಇನ್ನೊಬ್ಬನಿರಲಿಲ್ಲ. ಇವನ ಹಲಗೆಗಳ ಮೇಲೆ ಎದ್ದ ಮನೆಗಳು ನೂರಾರು. ಆದರೆ ಇದು ನನ್ನ ಕೈಕೆಲಸ ಎಂದು ಬೆರಳಿಟ್ಟು ತೋರಿಸಲು ಒಂದು ಚೂರು ಮರವೂ ಎಲ್ಲಿಯೂ ಉಳಿದಿರಲಿಲ್ಲ. ಅದರ ಬಗ್ಗೆ ಅವನು ತಲೆ ಕೆಡಿಸಿಕೊಂಡವನೂ ಅಲ್ಲ, ಕೆಲಸವೇ ಹಾಗಿತ್ತು.

ಅಲ್ಲಿನ ಮೇಸ್ತ್ರಿ ಬಾಯಿ ಬಿಟ್ಟರೆ ಬೈಗುಳ. "ಕಣ್ಣೇನು ಮನೇಲಿಟ್ಟು ಬಂದಿದೀಯಾ" ಎಂದರೆ ಕಂಬ ವಾಲಿದೆ. "ನಿನ್ನ ಕೈಗೆ ಗೆದ್ದಲು ಹತ್ತ" ಎಂದರೆ ಅಳತೆ ತಪ್ಪಿದೆ. ಬಾಯಿ ಮುಚ್ಚಿದರೆ ಎಲ್ಲ ಸರಿಯಿದೆ. ಇಪ್ಪತ್ತಾರು ವರ್ಷ ಹೀಗೆ ಬೈಸಿಕೊಂಡೇ ತನ್ನ ಕೆಲಸ ಸರಿಯೋ ತಪ್ಪೋ ಎಂದು ತಿಳಿದುಕೊಂಡವನು ಅವನು.

ಹೋದ ವರ್ಷ ಏಣಿಯಿಂದ ಜಾರಿ ಬಲಗಾಲಿನ ಮಂಡಿ ಮುರಿಯಿತು. ಕೂಡಿಕೊಂಡಿತು ನಿಜ, ಆದರೆ ಇನ್ನು ಏಣಿ, ಸಾರುವೆ ಹತ್ತುವ ಹಾಗಿಲ್ಲ ಎಂದು ಡಾಕ್ಟರು ಖಡಾಖಂಡಿತ ಹೇಳಿಬಿಟ್ಟರು. ಐದು ತಿಂಗಳು ಮನೆಯಲ್ಲಿ ಕೂತ. ಕೂತವನು ಸುಮ್ಮನಿದ್ದನೇ? ಮನೆಯ ಬಾಗಿಲುಗಳನ್ನೆಲ್ಲ ಬಿಚ್ಚಿ ಮತ್ತೆ ಹಾಕಿದ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಂಬರು ಬರೆದ. ಉಪ್ಪಿನ ಡಬ್ಬಿಯ ಬೆನ್ನಿಗೆ ಬಾಣದ ಗುರುತು ಕಂಡ ದಿನ ಹೆಂಡತಿ ಮಗಳಿಗೆ ಫೋನು ಮಾಡಿ, "ನಿಮ್ಮಪ್ಪನ್ನ ಎಲ್ಲಾದ್ರೂ ಕೆಲಸಕ್ಕೆ ಕರ್ಕೊಂಡು ಹೋಗೋಕೆ ಹೇಳೇ ನಿನ್ನ ಗಂಡಂಗೆ. ಇಲ್ಲಾಂದ್ರೆ ನಾಳೆ ನನ್ನ ಬೆನ್ನಿಗೂ ನಂಬರ್ ಹಾಕ್ತಾರೆ," ಎಂದಳು.

ಮಗಳ ಗಂಡ ಒಳಗೆಲಸದ ಬಡಗಿ. ಗಾರೆ, ನೆಲ, ವೈರಿಂಗು ಎಲ್ಲ ಮುಗಿದ ಮೇಲೆ ಮನೆಯೊಳಗೆ ಕಾಲಿಡುವವನು. ಬಾಗಿಲು ಕೂರಿಸುವುದು, ಚೌಕಟ್ಟಿನ ಸುತ್ತ ಅಂಚುಪಟ್ಟಿ ಹೊಡೆಯುವುದು, ಗೋಡೆಯ ಬುಡಕ್ಕೆ ಮರದ ಸ್ಕರ್ಟಿಂಗು ಹಾಕುವುದು ಅವನ ಕಸುಬು. ಸ್ಕರ್ಟಿಂಗಿಗೆ ಏಣಿ ಬೇಡ, ಒಂದು ಗಿಡ್ಡ ಮಣೆ ಹಾಕಿಕೊಂಡು ಕಾಲು ಚಾಚಿ ಕೂತರೆ ಆಯಿತು. "ನೀವು ಬಂದ್ರೆ ನಂಗೂ ಆನೆಬಲ ಮಾವ," ಎಂದ ಅಳಿಯ. ಮೂವತ್ತರ ಆಸುಪಾಸು, ಮಾತು ಮೆತ್ತಗೆ, ಕೈ ಚುರುಕು. "ನೀವು ಹೇಗೆ ಹೇಳ್ತೀರೋ ಹಾಗೆ ಅಳಿಯಂದ್ರೇ," ಎಂದ ಇವನು. ಒಬ್ಬರಿಗೊಬ್ಬರು ಮರ್ಯಾದೆ ಕೊಡುವುದರಲ್ಲಿ ಇಬ್ಬರದೂ ಎತ್ತಿದ ಕೈ. ಎಲ್ಲ ಎಡವಟ್ಟಾಗಿದ್ದೂ ಅಲ್ಲಿಯೇ.

ಸ್ಕರ್ಟಿಂಗ್ ಎಂದರೆ ಬರೀ ಸಪಾಟು ಹಲಗೆಯಲ್ಲ. ಮೇಲಂಚಿನಲ್ಲಿ ಒಂದು ಉಬ್ಬು, ಒಂದು ತಗ್ಗು, ಒಂದು ಸಣ್ಣ ಮೆಟ್ಟಿಲು ಇರುತ್ತದೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಒಂದು ಪಟ್ಟಿಯ ಉಬ್ಬುತಗ್ಗಿನ ಮೇಲೆ ಇನ್ನೊಂದರ ತುದಿ ಕವಚಿ ಕೂರಬೇಕು. ಅದಕ್ಕಾಗಿ ಆ ತುದಿಯನ್ನು ಸಣ್ಣ ಗರಗಸದಲ್ಲಿ ಅದೇ ಆಕಾರಕ್ಕೆ ಕೊರೆದು, ಹಿಂಬದಿಯನ್ನು ಅರದಿಂದ ಉಜ್ಜಬೇಕು. ಕೂದಲು ತೂರುವಷ್ಟು ಸಂದಿ ಉಳಿದರೂ ಬಣ್ಣ ಒಣಗಿದ ಮೇಲೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ.

ಅಳಿಯ ಒಂದು ಸಲ ಮಾಡಿ ತೋರಿಸಿ, "ಹೀಗೆ ಮಾವ. ನಿಮಗೆ ಗೊತ್ತಿರೋದೇ ಬಿಡಿ," ಎಂದ. ಸೆಂಟ್ರಿಂಗಣ್ಣನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ತಲೆಯಾಡಿಸಿ ಗರಗಸ ಹಿಡಿದ. ಅವನ ಮೊದಲ ಮೂಲೆಯಲ್ಲಿ ಬೀಡಿ ಸಿಕ್ಕಿಸುವಷ್ಟು ಸಂದಿ ಬಂತು. ಅಳಿಯ ಬಂದು ನೋಡಿದ, ಎರಡು ಸಲ ಕಣ್ಣು ಮಿಟುಕಿಸಿದ, "ಪರವಾಗಿಲ್ಲ ಮಾವ," ಎಂದು ಆಚೆ ಹೋದ. ಎರಡನೇ ಮೂಲೆಗೂ ಪರವಾಗಿಲ್ಲ, ಹತ್ತನೇ ಮೂಲೆಗೂ ಪರವಾಗಿಲ್ಲ. ಮಾಡಿದ್ದಕ್ಕೆಲ್ಲ ಒಂದೇ ಮಾತು ಬಂದರೆ ಮನುಷ್ಯ ಏನೆಂದು ತಿಳಿಯಬೇಕು?

ಕೆಲಸ ನಡೆಯುತ್ತಿದ್ದದ್ದು ಹಲ್ಲಿನ ಡಾಕ್ಟರಮ್ಮ ಒಬ್ಬರ ಹೊಸ ಮನೆಯಲ್ಲಿ. ಕೆಳಗಿನ ಮಹಡಿಯ ಕೆಲಸ ಮನಸ್ಸಿಗೆ ಬಂದರೆ ಮೇಲಿನದೂ ಅಳಿಯನಿಗೆ, ಬರದಿದ್ದರೆ ಬೇರೆಯವರಿಗೆ ಎಂದು ಮೊದಲೇ ಹೇಳಿದ್ದರು. "ಬೆಳಗಿಂದ ಸಂಜೆವರೆಗೂ ಸಂದಿ ಹುಡುಕೋದೇ ಅವರ ಕಸುಬು ಅಣ್ಣ," ಎಂದು ಅಲ್ಲಿ ಬಣ್ಣ ಹೊಡೆಯುತ್ತಿದ್ದ ಪೇಂಟರ್ ನಗುತ್ತಿದ್ದ. "ನಿಮ್ಮ ಮೂಲೆ ನೋಡಿದ್ರೆ ಸೀದಾ ಸಿಮೆಂಟ್ ತುಂಬ್ತಾರೆ." ಪೇಂಟರ್ ತಮಾಷೆಗೆ ಅಂದದ್ದು ಇವನ ಎದೆಗೆ ನಾಟುತ್ತಿತ್ತು. ತನ್ನ ಕೈಯಿಂದ ಅಳಿಯನ ಕೆಲಸ ಕೈತಪ್ಪಿದರೆ ಮಗಳಿಗೆ ಹೇಗೆ ಮುಖ ತೋರಿಸುವುದು? ಈ ಕಸುಬೂ ಹತ್ತದಿದ್ದರೆ ಮತ್ತೆ ಉಪ್ಪಿನ ಡಬ್ಬಿಗೆ ಬಾಣ ಬರೆಯುತ್ತ ಕೂರಬೇಕಷ್ಟೆ.

ಒಂದು ವಿಚಿತ್ರ ಮಾತ್ರ ನಡೆಯುತ್ತಿತ್ತು. ಸಂಜೆ ಬಸ್ಸಿಗೆಂದು ಇವನು ಐದಕ್ಕೇ ಹೊರಡುವನು. "ನೀವು ನಡೀರಿ ಮಾವ, ನಾನು ಸ್ವಲ್ಪ ಗುಡಿಸಿ ಬರ್ತೀನಿ," ಎನ್ನುವನು ಅಳಿಯ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಹಿಂದಿನ ದಿನದ ಸಂದಿ ಇರುತ್ತಿರಲಿಲ್ಲ. "ನನ್ನ ಪುಟ್ಟಿ ಅಂದ್ರೆ ಸುಮ್ನೇನಾ," ಎಂದು ಪೇಂಟರ್ ಮೀಸೆ ತಿರುವುವನು. ಬಣ್ಣಕ್ಕೆ ಮೊದಲು ಸಂದಿಗೆ ಮೆತ್ತುವ ಆ ಹಿಟ್ಟು ಇಷ್ಟು ಚೆನ್ನಾಗಿ ಮುಚ್ಚುತ್ತದೆಯೇ ಎಂದು ಇವನಿಗೆ ಅನುಮಾನ. ಆದರೂ ನಂಬಿದ, ನಂಬುವುದು ಹಿತವಾಗಿತ್ತು.

ಮನೆ ಒಪ್ಪಿಸುವ ಹಿಂದಿನ ದಿನ ಭಾನುವಾರ. ಸೆಂಟ್ರಿಂಗಣ್ಣ ಮಗಳ ಮನೆಗೆ ಹೋಗಿದ್ದ. ಅಳಿಯ ಪೇಟೆಗೆ ಹೋಗಿದ್ದ, ಮಗಳು ಒಲೆಯ ಮುಂದೆ ನಿಂತಿದ್ದಳು. ಮಂಡಿಗೆ ಹಿತವೆಂದು ಇವನು ಗಿಡ್ಡ ಮಣೆಯ ಮೇಲೆ ಕೂತು ಟೀ ಕುಡಿಯುತ್ತಿದ್ದ. ತಲೆಯ ಮೇಲೆ ಹೊಸದೊಂದು ಶೆಲ್ಫು. ನಿಂತವರಿಗೆ ಕಾಣದ್ದು ಕೂತವನಿಗೆ ಕಂಡಿತು. ಶೆಲ್ಫಿನ ಅಡಿಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು, ಮ-೩. ಪಕ್ಕದಲ್ಲಿ ಬಾಣದ ಗುರುತು.

ಅವನು ಲೋಟ ಕೆಳಗಿಟ್ಟ. ಹಳೆಯ ಚಾಳಿ ಬಿಡದೆ ಡಾಕ್ಟರಮ್ಮನ ಮನೆಯಲ್ಲೂ ಅವನು ಪ್ರತಿ ತುಂಡಿನ ಬೆನ್ನಿಗೆ ನಂಬರು ಹಾಕುತ್ತಿದ್ದ. ಮ ಎಂದರೆ ಮಲಗುವ ಕೋಣೆ.

"ಈ ಶೆಲ್ಫ್ ಯಾವಾಗ ಮಾಡಿದ್ರಮ್ಮ?"

"ಹೋದ ವಾರ ಅಪ್ಪ. ನಿಮ್ಮ ಅಳಿಯಾನೇ ಮಾಡಿದ್ದು. ಸೈಟಲ್ಲಿ ಮಿಕ್ಕಿದ ತುಂಡುಗಳಂತೆ."

ಮಿಕ್ಕಿದ ತುಂಡಾದರೆ ಮೊಳೆಯ ತೂತು ಎಲ್ಲಿಂದ ಬಂತು? ಇವನು ಕತ್ತು ಎತ್ತಿ ನೋಡಿದ. ಪಕ್ಕದ ತುಂಡಿನಲ್ಲಿ ಮ-೫, ಅದರಾಚೆ ಹಜಾರದ ಹ-೨. ಎಲ್ಲವೂ ತಾನೇ ಗೋಡೆಗೆ ಹೊಡೆದ ತುಂಡುಗಳು. ಮಗಳು ಇನ್ನೊಂದು ಲೋಟ ಟೀ ಬಗ್ಗಿಸುತ್ತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ ಎಂಬುದು ಮುಖದಲ್ಲೇ ಕಾಣುತ್ತಿತ್ತು. "ಚೆನ್ನಾಗಿದೆ ಶೆಲ್ಫು," ಎಂದು ಅವನು ಎದ್ದ. ಅವನಿಗೆ ನಾಚಿಕೆಯಾಗಿತ್ತು. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು, ಮೂರು ತುಂಡು ಮಾತ್ರ ಬದಲಾಗಿವೆಯೋ, ಎಲ್ಲವೂ ಬದಲಾಗಿವೆಯೋ ಎಂದು.

ಸೋಮವಾರ ಆರೂವರೆಗೇ ಸೈಟಿನಲ್ಲಿದ್ದ. ಕಾವಲುಗಾರ ಕಣ್ಣುಜ್ಜುತ್ತ ಬೀಗ ತೆಗೆದ. ಮಲಗುವ ಕೋಣೆಗೆ ಬಣ್ಣವೆಲ್ಲ ಆಗಿ ನೆಲ ಒರೆಸಿತ್ತು. ನಾಲ್ಕು ಮೂಲೆಯೂ ಅಚ್ಚುಕಟ್ಟು, ಒಂದಕ್ಕಿಂತ ಒಂದು ಚೆಂದ. ಇದರಲ್ಲಿ ತನ್ನದು ಯಾವುದು? ನಂಬರು ಬೆನ್ನಿಗಿದೆ, ಬೆನ್ನು ಗೋಡೆಗಿದೆ. ಸಂಜೆ ನಾಲ್ಕಕ್ಕೆ ಡಾಕ್ಟರಮ್ಮ ಬರುತ್ತಾರೆ ಎಂಬುದು ಅವನಿಗೆ ನೆನಪಿರಲಿಲ್ಲ ಎಂದಲ್ಲ. ನೆನಪಿತ್ತು. ಆದರೂ ಕೈ ಚೀಲದೊಳಗೆ ಹೋಗಿ ಮೊಳೆ ಕೀಳುವ ಕಬ್ಬಿಣ ತೆಗೆಯಿತು.

ಒಂದೇ ಒಂದು ನೋಡಿ ಮತ್ತೆ ಹೊಡೆದುಬಿಡುತ್ತೇನೆ ಎಂದುಕೊಂಡ. ಬಾಗಿಲ ಪಕ್ಕದ ಸಣ್ಣ ತುಂಡು ಕಿತ್ತ. ಬೆನ್ನು ಬೋಳು. ಅವನು ಇನ್ನೊಂದು ಕಿತ್ತ. ಅದೂ ಬೋಳು. ಕಿಟಕಿಯ ಗೋಡೆಯ ಹನ್ನೊಂದಡಿ ಉದ್ದದ ಪಟ್ಟಿಯನ್ನು ತಾನು ಎರಡು ದಿನ ಕೂತು ಮಾಡಿದ್ದು, ಅದಾದರೂ ಇರಲೇಬೇಕು ಎಂದು ಕಬ್ಬಿಣ ತೂರಿಸಿ ಎತ್ತಿದ. ಇವನ ಮೊಳೆಯಾಗಿದ್ದರೆ ಸಲೀಸಾಗಿ ಬರುತ್ತಿತ್ತು. ಇದು ಬರಲಿಲ್ಲ. ಜೋರಾಗಿ ಮೀಟಿದ. ಪಟ್ಟಿ ಲಟ್ಟೆಂದು ನಡುವೆ ಸೀಳಿತು. ಅದರ ಬೆನ್ನಿನಲ್ಲೂ ಏನೂ ಇರಲಿಲ್ಲ.

ಅಷ್ಟು ಹೊತ್ತಿಗೆ ಹೊರಗೆ ಸ್ಕೂಟರ್ ನಿಂತ ಸದ್ದು. ಅಳಿಯ, ಅವನ ಹಿಂದೆ ಬಕೆಟ್ ಹಿಡಿದ ಪೇಂಟರ್. ಇಬ್ಬರೂ ಬಾಗಿಲಲ್ಲೇ ನಿಂತರು.

"ಏನಿದು ಮಾವ?"

"ನಂಬರ್ ನೋಡ್ತಿದ್ದೆ."

"ಯಾವ ನಂಬರ್?"

"ನಂದು. ಒಂದರಲ್ಲೂ ಇಲ್ಲ ಅಳಿಯಂದ್ರೇ. ನಿಮ್ಮ ಅಡುಗೆಮನೆ ಶೆಲ್ಫಲ್ಲಿದೆ." ಬೋಳು ಬೆನ್ನಿನ ತುಂಡೊಂದನ್ನು ಎತ್ತಿ ಹಿಡಿದ. "ಎಷ್ಟು ಬದಲಾಯಿಸಿದ್ರಿ?"

ಅಳಿಯ ನೆಲ ನೋಡಿದ. "ಎಲ್ಲಾ."

"ಆರು ವಾರದ್ದೂ?"

"ಹೂಂ."

"ಒಂದು ಮಾತು ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ ಮಾವ? ಹೆಣ್ಣು ಕೊಟ್ಟ ಮಾವ ನೀವು. ನಿಮ್ಮ ಮುಂದೆ ನಿಂತು ಇದು ಸರಿಯಿಲ್ಲ ಅನ್ನೋಕೆ ನಂಗೆ ಬಾಯಿ ಬರುತ್ತಾ?" ಎಂದವನ ಕಣ್ಣು ಆಗ ಸೀಳಿದ ಪಟ್ಟಿಯ ಮೇಲೆ ಬಿತ್ತು. ಆಮೇಲೆ ಗಡಿಯಾರ ನೋಡಿಕೊಂಡ. ಮುಖ ಕೆಂಪಗಾಯಿತು. "ಅದೂ ಇವತ್ತೇ ಕೀಳಬೇಕಿತ್ತಾ? ತಲೆ ಇದೆಯಾ ನಿಮಗೆ?"

ಪೇಂಟರ್ ಬಕೆಟ್ ಕೆಳಗಿಟ್ಟ. ಅಳಿಯನಿಗೆ ತಾನು ಏನೆಂದೆ ಎಂದು ತಿಳಿಯುವ ಮೊದಲೇ ಆರು ವಾರದ್ದೆಲ್ಲ ಒಟ್ಟಿಗೇ ಹೊರಬಿತ್ತು. "ಒಂದೊಂದು ತುಂಡೂ ಸಡಿಲ ಮಾವ. ಬೆರಳಲ್ಲಿ ಎಳೆದ್ರೆ ಕೈಗೆ ಬರುತ್ತೆ. ಮೊಳೆ ಅರ್ಧಕ್ಕೇ ನಿಲ್ಲಿಸ್ತೀರಿ. ಅಳತೆಗಿಂತ ಕಡಿಮೆ ಕೊಯ್ತೀರಿ. ದಿನಾ ಸಂಜೆ ಎರಡು ಗಂಟೆ ನಿಂತು ನಿಮ್ಮದನ್ನ ಕಿತ್ತು ಮತ್ತೆ ಮಾಡಿದೀನಿ. ಬಿಚ್ಚೋಕೆ ಅಂತಾನೇ ಕೂರಿಸ್ತೀರಲ್ಲ, ಅದೇ ನಿಮ್ಮ ರೋಗ. ಇದನ್ನ ಯಾರೂ ಬಿಚ್ಚಲ್ಲ ಮಾವ. ಇದು ಇಲ್ಲೇ ಇರುತ್ತೆ."

ಸೆಂಟ್ರಿಂಗಣ್ಣನ ಕಿವಿ ಬಿಸಿಯಾಯಿತು. ಮಗಳ ಗಂಡನಿಂದ, ಅದೂ ಪೇಂಟರನ ಎದುರಿಗೆ. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನೋವಾಯಿತು. ಆದರೆ ಅದರ ಜೊತೆಗೇ ಆರು ವಾರದ ಕಳವಳ ಇಳಿಯಿತು. ತಪ್ಪು ಎಲ್ಲಿದೆ ಎಂದು ಕೊನೆಗೂ ಒಬ್ಬರು ಹೇಳಿದ್ದರು.

"ಇನ್ನೂ ಏನಾದ್ರೂ ಇದ್ರೆ ಹೇಳಿಬಿಡಿ," ಎಂದ.

ಅಳಿಯ ತಲೆ ಹಿಡಿದುಕೊಂಡು ಕೂತುಬಿಟ್ಟ. "ಕ್ಷಮಿಸಿ ಮಾವ."

"ಕ್ಷಮೆ ಆಮೇಲೆ ಕೇಳೋರಂತೆ. ಸಡಿಲ ಬಿಡಬಾರದು ಅಂದ್ರೆ ಎಷ್ಟು ಬಿಗಿ ಇಡಬೇಕು?"

ಅಳಿಯ ಮುಖ ಎತ್ತಿದ. "ಗೋಡೆಯಿಂದ ಗೋಡೆಗೆ ಇರೋದಕ್ಕಿಂತ ಒಂದು ಉಗುರಿನಷ್ಟು ಜಾಸ್ತಿ. ನಡುವೆ ಬಿಲ್ಲಿನ ಹಾಗೆ ಬಾಗಿಸಿ, ಎರಡೂ ತುದಿ ಮೂಲೆಗೆ ಕೊಟ್ಟು, ಮಧ್ಯಕ್ಕೆ ತಳ್ಳಬೇಕು. ತಾನೇ ಹೋಗಿ ಕಚ್ಚಿಕೊಳ್ಳುತ್ತೆ."

"ಮುರಿದ್ರೆ?"

"ಮುರೀಬಾರದು. ಅಷ್ಟುದ್ದದ್ದು ಇನ್ನೊಂದೇ ಇರೋದು."

ಒಂದೇ ಇತ್ತು. ಅಂಗಡಿಯಲ್ಲಿ ಆ ನಮೂನೆ ಖಾಲಿ. ಅಳಿಯನಿಗೆ ಮುಂಬಾಗಿಲಿನ ಬೀಗ, ಅಡುಗೆಮನೆಯ ಬಾಗಿಲು ಎರಡೂ ಬಾಕಿ. ಬಣ್ಣ ಒಣಗಬೇಕಾದರೆ ಹನ್ನೆರಡಕ್ಕೆ ಪಟ್ಟಿ ಗೋಡೆಯಲ್ಲಿರಬೇಕು ಎಂದ ಪೇಂಟರ್. ಅಳಿಯ ಪಟ್ಟಿ ತಂದು ಮಾವನ ಮುಂದೆ ಇಟ್ಟ. "ನೀವೇ ಮಾಡಿ."

"ನಾನಾ?"

"ಮತ್ತೆ ಇನ್ಯಾರು?"

ಮೊದಲು ಸೀಳಿದ ಪಟ್ಟಿಯ ತುದಿಗಳಲ್ಲಿ ಕೊರೆದು ಅಭ್ಯಾಸ ಮಾಡಿದ. ಅಳಿಯ ಬೀಗದ ಕೆಲಸದ ನಡುವೆ ಓಡಿಬಂದು ನೋಡುವನು. "ಉಬ್ಬು ಜಾಸ್ತಿ ಕೊರೆದ್ರಿ, ಗೆರೆ ಕಾಣಲ್ವಾ?" ಎರಡನೆಯದಕ್ಕೆ, "ಹಿಂದೆ ಉಜ್ಜಿ ಅಂದ್ರೆ ಮುಂದೆ ಉಜ್ಜಿದೀರಲ್ಲ." ಮೂರನೆಯದಕ್ಕೆ, "ಮೂಲೆಮಟ್ಟ ಆಚೆ ಇಡಿ ಮಾವ. ಗೋಡೇನೇ ಸೊಟ್ಟ ಇದೆ, ನೀವೊಬ್ರು ನೆಟ್ಟಗಿದ್ದು ಏನು ಮಾಡ್ತೀರಿ?" ಪೇಂಟರ್ ಬೈಗುಳ ಎಣಿಸುತ್ತಿದ್ದ. "ಬೆಳಗಿಂದ ಐದಾಯ್ತು ಅಣ್ಣ," ಎಂದ. ನಾಲ್ಕನೆಯ ತುದಿಯನ್ನು ಅಳಿಯ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಏನೂ ಅನ್ನದೆ ವಾಪಸು ಕೊಟ್ಟು ಹೋದ.

ಹನ್ನೊಂದೂವರೆ. ಈಗ ನಿಜವಾದ ಪಟ್ಟಿ. ಸೆಂಟ್ರಿಂಗಣ್ಣ ಅಳತೆಯನ್ನು ಮೂರು ಸಲ ತೆಗೆದ. ಒಂದು ಉಗುರು ಜಾಸ್ತಿ ಸೇರಿಸಿ ಗೆರೆ ಎಳೆದ. ಗರಗಸ ಇಟ್ಟ ಕೂಡಲೇ ಕೈ ತಾನಾಗಿ ಗೆರೆಯ ಒಳಗೆ ಸರಿಯಿತು. ಇಪ್ಪತ್ತಾರು ವರ್ಷದ ಕೈ, ಸಡಿಲ ಬಿಡು, ಬಿಚ್ಚುವಾಗ ಸುಲಭ ಎನ್ನುತ್ತಿತ್ತು. ಅವನು ಗರಗಸ ಎತ್ತಿ, ಅಂಗೈ ಬೆವರನ್ನು ಪ್ಯಾಂಟಿಗೆ ಒರೆಸಿ, ಗೆರೆಯ ಹೊರಗೆ ಇಟ್ಟು ಕೊಯ್ದ. ಬೆನ್ನಿಗೆ ಮ-೧ ಎಂದು ಬರೆದು ಬಾಣ ಹಾಕಿದ.

ಪಟ್ಟಿ ಗೋಡೆಗಿಂತ ಉದ್ದವಿತ್ತು. ಎರಡು ತುದಿ ಮೂಲೆಯಲ್ಲಿಟ್ಟರೆ ನಡುಭಾಗ ನಾಲ್ಕು ಬೆರಳಿನಷ್ಟು ಮುಂದಕ್ಕೆ ಬಾಗಿ ನಿಂತಿತು. ಅವನು ನೆಲಕ್ಕೆ ಕೂತು ಎಡಗಾಲಿನ ಹಿಮ್ಮಡಿಯನ್ನು ಪಟ್ಟಿಗೆ ಕೊಟ್ಟು ಮೆಲ್ಲಗೆ ಒತ್ತಿದ. ಮರ ಕಿರ್ರೆಂದಿತು. ಕಾಲು ನಿಂತಿತು. ಬೆಳಿಗ್ಗೆ ಪಟ್ಟಿ ಸೀಳಿದ್ದೂ ಹೀಗೇ ಸದ್ದು ಮಾಡಿಯೇ. ಇದು ಮುರಿದರೆ ಅಳಿಯನ ಮೇಲಿನ ಮಹಡಿಯೂ ಹೋಯಿತು, ತನ್ನ ಕಸುಬೂ ಹೋಯಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಪೇಂಟರ್ ತಮಾಷೆ ಮರೆತು ಬ್ರಷ್ ಹಿಡಿದು ನಿಂತಿದ್ದ. ಬಾಗಿಲಲ್ಲಿ ಅಳಿಯನ ಧ್ವನಿ ಕೇಳಿತು. "ಅರ್ಧಕ್ಕೆ ನಿಲ್ಲಿಸಬೇಡಿ ಮಾವ. ತಳ್ಳಿ."

ಅವನು ಕಣ್ಣು ಮುಚ್ಚಿ ತಳ್ಳಿದ. ಪಟ್ಟಿ ಟಪ್ಪೆಂದು ಗೋಡೆಗೆ ಬಡಿದು ಕೂತಿತು.

ಅಳಿಯ ಬಗ್ಗಿ ಮೂಲೆಗೆ ಉಗುರು ತಾಗಿಸಿದ. ಉಗುರು ಒಳಗೆ ಹೋಗಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. "ಮೊಳೆ ತಲೆ ಒಳಗೆ ಹೋಗೋ ತನಕ ಹೊಡೀರಿ," ಎಂದಷ್ಟೇ ಹೇಳಿ, ಬಾಗಿಲ ಪಕ್ಕದ ಎರಡು ತುಂಡುಗಳನ್ನು ತಾನೇ ಹೊಡೆದು, ಬೀಗದ ಕಡೆಗೆ ಹೋದ.

ಸೀಳಿದ ಪಟ್ಟಿಯ ಚೂರುಗಳನ್ನು ಮಧ್ಯಾಹ್ನವೇ ಹೊರಗೆ ಸಾಗಿಸಿದ್ದರು. ನಾಲ್ಕಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು. ಪ್ರತಿ ಕೋಣೆಯ ಪ್ರತಿ ಮೂಲೆಗೂ ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದರು, ರೋಗಿಯ ಬಾಯಿ ನೋಡುವ ಹಾಗೆ. ಕಿಟಕಿಯ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತರು. "ಇಲ್ಲಿ ಬಣ್ಣ ಇನ್ನೂ ಹಸಿಯಿದೆ," ಎಂದರು ಅವರು. "ಈಗಷ್ಟೇ ಎರಡನೇ ಕೈ ಹೊಡೆದೆ ಮೇಡಂ," ಎಂದ ಪೇಂಟರ್. ಅವರು ಮುಂದಿನ ಮೂಲೆಗೆ ಹೋದರು. ಹೊರಡುವಾಗ, "ಮೇಲ್ಗಡೆ ನಾಳೆಯಿಂದಲೇ ಶುರು ಮಾಡಿ," ಎಂದು ಅಳಿಯನಿಗೆ ಹೇಳಿದರು.

ಅವರ ಕಾರು ಹೋಯಿತು, ಪೇಂಟರೂ ಹೋದ. ಐದು ಗಂಟೆ. ಅಳಿಯ ಪೊರಕೆ ಎತ್ತಿಕೊಂಡ. "ನೀವು ನಡೀರಿ ಮಾವ, ನಾನು ಸ್ವಲ್ಪ ಗುಡಿಸಿ ಬರ್ತೀನಿ."

ದಿನಾ ಹೇಳುತ್ತಿದ್ದ ಅದೇ ಮಾತು. ಇವತ್ತಿನದನ್ನೂ ಕೀಳುತ್ತಾನೇನೋ ಎಂದು ಸೆಂಟ್ರಿಂಗಣ್ಣನಿಗೆ ಅನಿಸಿತು. ಆಗಲಿ ಎಂದು ಹೊರಬಂದವನು ಗೇಟಿನ ಬಳಿ ನಿಂತುಬಿಟ್ಟ. ಬಸ್ಸು ಬಂತು, ಹೋಯಿತು. ಒಳಗೆ ಪೊರಕೆಯ ಸದ್ದು ಕೇಳುತ್ತಿತ್ತು. ಮಲಗುವ ಕೋಣೆಯ ಕಡೆ ಹೋಯಿತು, ಅಲ್ಲಿ ನಿಂತಿತು. ಅವನು ಗೇಟಿನ ಸರಳು ಹಿಡಿದು ಕಿವಿಗೊಟ್ಟ. ಮರ ಕೀಳುವ ಸದ್ದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ, ನಿದ್ದೆಗಣ್ಣಿನಲ್ಲೂ ಗುರುತಿಸುತ್ತಾನೆ. ಆ ಸದ್ದು ಬರಲಿಲ್ಲ. ಆಮೇಲೆ ಕಿಟಕಿ ಮುಚ್ಚಿದ ಸದ್ದಾಯಿತು. ಆಮೇಲೆ ಬೀಗ.

ಅಳಿಯ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದರಲ್ಲಿ ಕಸದ ಚೀಲ ಹಿಡಿದು ಬಂದ. "ಇನ್ನೂ ಇಲ್ಲೇ ಇದೀರಾ? ಬಸ್ ಹೋಯ್ತಲ್ಲ."

"ಹೋಗ್ಲಿ. ಚೀಲ ಇಲ್ಲಿ ಕೊಡಿ, ನಾನು ಹಿಡ್ಕೋತೀನಿ."

ಅಳಿಯ ಸ್ಕೂಟರ್ ತೆಗೆಯಲು ಹೋದ. ಸೆಂಟ್ರಿಂಗಣ್ಣ ಚೀಲದ ಬಾಯಿ ಬಿಡಿಸಿ ಮೊಣಕೈವರೆಗೂ ಕೈ ಹಾಕಿ ತಡಕಿದ. ಕಿತ್ತ ಮರದ ಚೂರೊಂದೂ ಸಿಗಲಿಲ್ಲ, ತಳದವರೆಗೂ ಬರೀ ಮರದ ಪುಡಿ ಇತ್ತು.